ಎಲುಬು ಮುರಿಯದ ಗಾಯ

ತಂಬಾಕು ಗೋದಾಮಿನಲ್ಲಿ ಪೇರಿಸಿಟ್ಟಿದ್ದ ಚೀಲಗಳು ಜರಿದು ನನ್ನ ಮೇಲೆ ಬಿದ್ದಾಗ ಒಂದು ಎಲುಬೂ ಮುರಿಯಲಿಲ್ಲ. ಜೊತೆಯವರು ಹೊರಗೆಳೆಯುವವರೆಗೆ ಆ ಕತ್ತಲಲ್ಲಿ ಉಸಿರಿಗಾಗಿ ಒದ್ದಾಡಿದ್ದೆ, ಅಷ್ಟೇ. ಆದರೆ ಅಂದಿನಿಂದ ಯಾರಾದರೂ ಬಾಗಿಲು ಮುಚ್ಚಿದರೆ ಸಾಕು, ಮೈಯೆಲ್ಲ ಬೆವರಿ ಹೊರಗೆ ಓಡುತ್ತಿದ್ದೆ. ಕೆಲಸ ಹೋಯಿತು. ಇವಳ ತಲೆ ಕೆಟ್ಟಿದೆ ಎಂದು ಜನ ಆಡಿಕೊಂಡರು. ಮನೋರೋಗದ ಡಾಕ್ಟರು ಮಾತ್ರ, "ಇದೂ ಕೆಲಸದಾಗ ಆದ ಗಾಯಾನೇ ಐತ್ರಿ" ಎಂದು ಬರೆದುಕೊಟ್ಟರು. ಆ ಕಾಗದ ಹಿಡಿದು ಚಿಕ್ಕೋಡಿಯ ಕೋರ್ಟಿನಲ್ಲಿ ಪರಿಹಾರಕ್ಕೆ ಅರ್ಜಿ ಹಾಕಿದೆ.

ನಾನು ಸಾಕ್ಷಿ ಹೇಳುವ ದಿನ ಅತ್ತೆಯೂ ಜೊತೆಗೆ ಬಂದರು. ಮಾಲೀಕರ ಕಡೆಯ ವಕೀಲರು ಎದ್ದು ನಿಂತರು.

"ಕೈಕಾಲು ನೆಟ್ಟಗ ಅದಾವಲ್ಲರಿ?"

"ಅದಾವ್ರಿ."

"ಮುಚ್ಚಿದ ಜಾಗಾ ಅಂದ್ರ ಅಂಜಿಕಿ ಅಂತೀರಿ. ಮತ್ತ ಇವತ್ತ ನಿಮ್ಮೂರು ಕರೋಶಿಯಿಂದ ತುಂಬಿದ ಬಸ್ಸಿನ್ಯಾಗ ಹೆಂಗ ಬಂದ್ರಿ?"

ಗೆದ್ದೇಬಿಟ್ಟೆ ಎಂಬ ಕಳೆ ಅವರ ಮುಖದಲ್ಲಿ.

"ಬಸ್ಸಿಗೆ ಬಂದಿಲ್ರಿ. ನಡಕೊಂತ ಬಂದೇನಿ."

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಅತ್ತೆ ಎದ್ದೇ ನಿಂತರು.

"ಖರೇ ಐತ್ರಿ ಸಾಹೇಬ್ರ! ಎರಡ ತಾಸ ನಾನೂ ನಡದೇನಿ. ಬೇಕಾದ್ರ ನನ್ನ ಕಾಲ ನೋಡ್ರಿ!"

"ಕೂತ್ಕೊಳ್ಳಿ ಅಮ್ಮ, ನಿಮ್ಮನ್ನು ಯಾರೂ ಕೇಳಿಲ್ಲ" ಎಂದರು ನ್ಯಾಯಾಧೀಶರು. ಹಾಗೆಂದರೂ ಅವರ ತುಟಿಯಂಚಿನಲ್ಲಿ ನಗುವಿತ್ತು. ನನ್ನ ಉತ್ತರವನ್ನು ಒಂದಕ್ಷರ ಬಿಡದೆ ಟೈಪ್ ಮಾಡಿಸಿದರು. ಕಟಕಟೆ ಇಳಿಯುವಾಗ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಎಷ್ಟೋ ತಿಂಗಳ ಮೇಲೆ ಮೊದಲ ಸಲ, ಅಂಜಿಕೆಯಿಂದಲ್ಲ.

ತೀರ್ಪಿನ ದಿನ ನಮ್ಮ ವಕೀಲರು ಮೆಟ್ಟಿಲ ಮೇಲಿಂದಲೇ ಕೂಗಿದರು: "ಗೆದ್ದೀವ್ರಿ! ಮನಸಿಗೆ ಆದದ್ದೂ ಗಾಯಾನೇ ಅಂತ ಬರದಾರ!"

ಆ ಸಾಲನ್ನು ಮೂರು ಸಲ ಓದಿಸಿ ಕೇಳಿದೆ. ಅತ್ತೆ ಪೇಢೆ ತಂದು ಕಂಡಕಂಡವರ ಕೈಗಿಟ್ಟರು, ಬಾಗಿಲಲ್ಲಿದ್ದ ಪೊಲೀಸರನ್ನೂ ಬಿಡಲಿಲ್ಲ. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ತಲೆ ಕೆಟ್ಟಿದೆ ಅಂದವರ ಮನೆಮನೆಗೆ ಹೋಗಿ ತೀರ್ಪಿನ ಆ ಸಾಲು ಹೇಳಬೇಕೆನಿಸಿತು.

ಮರುದಿನ ಬೆಳಿಗ್ಗೆ ಬಟ್ಟೆ ಒಗೆಯುತ್ತಿದ್ದಾಗ ಓಣಿಯ ಹೆಂಗಸೊಬ್ಬಳು ಬಂದು ಪಕ್ಕದಲ್ಲಿ ಕುಳಿತಳು. ಕಾರ್ಖಾನೆಯೊಂದರಲ್ಲಿ ಅವಳ ಬೆರಳು ಯಂತ್ರಕ್ಕೆ ಸಿಕ್ಕಿ ವರ್ಷವಾಗಿತ್ತು.

"ಬೆರಳಿನ ಗಾಯ ಮಾಯ್ದೈತಿ ಅಕ್ಕಾ. ಆದ್ರ ಮಷೀನಿನ ಸಪ್ಪಳ ಕೇಳಿದ್ರ ಇನ್ನೂ ನಡುಗತೇನಿ. ಇದಕ್ಕೂ ಡಾಕ್ಟರ ಅದಾರೇನ?"

"ಅದಾರ. ಇವತ್ತ ಹೋಗೂಣ, ನಡಿ" ಎಂದೆ. ಬಕೆಟ್ಟಿನ ಬಟ್ಟೆ ಹಾಗೇ ಬಿಟ್ಟು ಸೀರೆ ಬದಲಿಸಲು ಒಳಗೆ ಓಡಿದೆ.