ಚೀನಿ ಮನೆಯೊಳಗಿನ ಹೊಳೆ

ಮದುವೆಯಾಗಿ ಹುಕ್ಕೇರಿಯಿಂದ ಮೂಡಲಗಿಗೆ ಬಂದ ಹೊಸತರಲ್ಲಿ ನಾನು ಗಟ್ಟಿಯಾಗಿ ಮಾತಾಡಿದವಳೇ ಅಲ್ಲ. ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಾಗಿದ್ದವು. ಅತ್ತೆಯ ಎದುರಿಗೆ ಗಂಡನ ಜೊತೆ ಮಾತಾಡುವುದಂತೂ ದೂರವೇ ಉಳಿಯಿತು. ಅವರಿಗೆ ಊಟಕ್ಕೆ ಏಳಿ ಎನ್ನಬೇಕಾದರೂ ಬಳೆ ಸಪ್ಪಳ ಮಾಡುತ್ತಿದ್ದೆ. ಅವರು ಊರ ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರರು. ಮನೆಯಲ್ಲಿ ಅವರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ.

ಒಂದು ದಿನ ಊಟ ಮಾಡುತ್ತ, ಗಂಗಾಳದಿಂದ ಕಣ್ಣೆತ್ತದೆ, ತಾಯಿಗೆ ಹೇಳಿದರು. "ಗೋಕಾಕದಾಗ ಒಬ್ಬ ಚೀನಿ ಚಿತ್ರಗಾರನ ಚಿತ್ರ ಇಟ್ಟಾರಂತ. ಐತಾರ ಹೋಗಿ ನೋಡ್ಕೊಂಡು ಬರ್ತೇವಿ."

ಆ "ಬರ್ತೇವಿ" ಕೇಳಿ ಒಲೆಯ ಮುಂದಿದ್ದ ನನಗೆ ರೊಟ್ಟಿ ತಿರುವುವುದೂ ಮರೆತುಹೋಯಿತು.

ಅತ್ತೆ ಮಗನ ಗಂಗಾಳಕ್ಕೆ ಪಲ್ಯ ಬಡಿಸುತ್ತ, "ಹೋಗೂಣಂತ. ನಾನೂ ಚೀನಿ ಚಿತ್ರ ನೋಡಿಲ್ಲ," ಅಂದರು.

ಹೀಗೆ ಮೂವರೂ ಬಸ್ಸು ಹತ್ತಿದೆವು. ಕಿಟಕಿಗೆ ನಾನು, ನಡುವೆ ಅತ್ತೆ, ಆ ತುದಿಗೆ ಇವರು.

ಗೋಕಾಕದ ಒಂದು ಓಣಿಯಲ್ಲಿ ಕಲ್ಲಿನ ಮನೆ. ಬಾಗಿಲ ಮೇಲೆ 'ಚಿತ್ರ ಸಂಗ್ರಹಾಲಯ' ಎಂಬ ಹಲಗೆ ಇತ್ತು. ಆದರೆ ಬಸ್ ಸ್ಟ್ಯಾಂಡಿನಲ್ಲಿ ದಾರಿ ತೋರಿಸಿದವರೆಲ್ಲ ಅದನ್ನು ಚೀನಿ ಮನೆ ಅಂದಿದ್ದರು. ಮನೆಯೊಡತಿ ಹಣೆಗೆ ವಿಭೂತಿ ಧರಿಸಿದ ತೆಳ್ಳನೆಯ ಮುದುಕಿ, ಓಣಿಯವರಿಗೆಲ್ಲ ಬಾಯಾರು. ಅವರ ಗಂಡ ಸಿಂಗಾಪುರದ ಮಿಲಿಟರಿ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದರಂತೆ. ಅಲ್ಲಿ ಅವರ ಬಾಜೂ ಮನೆಯಲ್ಲಿದ್ದ ಒಬ್ಬ ಚೀನಿ ಮುದುಕ ಇಡೀ ದಿನ ಕಪ್ಪು ಮಸಿಯಲ್ಲಿ ಚಿತ್ರ ಬರೆಯುತ್ತಿದ್ದ. ಯುದ್ಧದ ಹೆದರಿಕೆಯಲ್ಲಿ ಗಂಡಹೆಂಡತಿ ಊರಿಗೆ ಹಡಗು ಹತ್ತಿದಾಗ, ಆ ಮುದುಕ ಚಿತ್ರಗಳ ಟ್ರಂಕನ್ನು ಅವರ ಕೈಗೆ ಕೊಟ್ಟು, ಕಾಪಾಡಿ ಎಂದು ಕೈಮುಗಿದನಂತೆ. ಆಮೇಲೆ ಅವನ ಸುದ್ದಿಯೇ ಇಲ್ಲ.

"ಟ್ರಂಕಿನಾಗ ಇಟ್ರ ಹುಳಾ ತಿಂತಾವ. ಗ್ವಾಡಿ ಮ್ಯಾಲ ಇದ್ರ ನಾಕ ಮಂದಿ ನೋಡ್ತಾರ," ಅಂದರು ಬಾಯಾರು.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ಒಂದೊಂದೇ ಚಿತ್ರ ನೋಡುತ್ತ ಬಂದರು. ಬಿದಿರು, ಗುಡ್ಡ, ಒಂಟಿ ಹಕ್ಕಿ, ಎಲ್ಲ ಬರೀ ಕಪ್ಪು.

"ಅರ್ಧಾ ಹಾಳಿ ಖಾಲಿ ಬಿಟ್ಟಾನಲ್ರಿ."

"ಅದು ಮಂಜು ರೀ," ಅಂದರು ಬಾಯಾರು.

"ಹಂಗಾರ ನಮ್ಮನಿ ಗ್ವಾಡಿ ತುಂಬಾ ಮಂಜೇ ಐತಿ ಬಿಡ್ರಿ," ಅಂದರು ಅತ್ತೆ.

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೊತ್ತಿಕೊಂಡೆ. ಇವರು ತಲೆಯೆತ್ತಿ ಜಂತಿ ನೋಡತೊಡಗಿದರು, ಆದರೆ ಅವರ ಭುಜ ಕುಲುಕುತ್ತಿತ್ತು.

ಕೊನೆಗೆ ಬಾಯಾರು ಬಟ್ಟೆಯಲ್ಲಿ ಸುತ್ತಿದ ದಪ್ಪ ಸುರುಳಿಯೊಂದನ್ನು ತಂದರು. ಅದು ಒಂದೇ ಚಿತ್ರ, ಒಂದು ಹೊಳೆ, ಹುಟ್ಟಿದಲ್ಲಿಂದ ಸಮುದ್ರದವರೆಗೆ. ನೆಲಕ್ಕೆ ಉದ್ದಕ್ಕೂ ಚಾಪೆ ಹಾಸಿದರು. "ಇದನ್ನ ಇಬ್ಬರು ಹಿಡೀಬೇಕು. ನನ್ನ ಕೈ ನಡುಗ್ತಾವ. ಬಿಟ್ರ ಗಪ್ಪನ ಸುತ್ಕೊಂತೈತಿ, ಬಿಡಬ್ಯಾಡ್ರಿ ಮತ್ತ."

ಒಂದು ತುದಿ ಅತ್ತೆಯ ಕೈಗೆ ಬಂತು. ಇವರು ಸುರುಳಿ ಬಿಚ್ಚುತ್ತ ಹಿಂದೆ ಹಿಂದೆ ಸರಿದರು. ಪಡಸಾಲೆ ಮುಗಿಯಿತು, ಹೊಸ್ತಿಲು ದಾಟಿತು, ನಡುಮನೆಯೂ ಮುಗಿಯುತ್ತ ಬಂತು. ಹೊಳೆ ಮುಗಿಯಲಿಲ್ಲ. ಇವರು ಕಣ್ಣಿಗೆ ಕಾಣದಾದರು.

ಅತ್ತೆಗೆ ಕಂಡದ್ದು ಎರಡು ಬಂಡೆ, ಒಂದಿಷ್ಟು ಝರಿ ನೀರು. ಅವರು ಕುತ್ತಿಗೆ ಚಾಚಿದರು. "ಮುಂದ ಏನೈತಿ? ಏ ತಂಗಿ, ನೀ ಹೋಗಿ ನೋಡಿ ಹೇಳು."

ನಾನು ಹೊಳೆಯ ದಂಡೆಗುಂಟ ನಡೆದೆ, ದೋಣಿಯೊಂದು ಕಂಡಿತು. "ಒಂದು ನಾವಿ ಐತ್ರಿ ಅತ್ತಿ," ಅಂದೆ ಮೆಲ್ಲಗೆ.

"ಕೇಳಸೂದಿಲ್ಲ. ಗಟ್ಟಿ ಹೇಳು."

"ನಾವಿ ಐತ್ರಿ."

"ಯಾರದಾರ ಅದರಾಗ?"

"ಒಬ್ಬ ಮುದುಕ. ಮಲಗ್ಯಾನ್ರಿ."

"ಮಲಗಲಿ ಪಾಪ. ಮುಂದ?"

ಮುಂದೆ ಸೇತುವೆ, ಸೇತುವೆಯ ಮೇಲೆ ಕತ್ತೆ, ಕತ್ತೆಯ ಹಿಂದೆ ಛತ್ರಿ ಹಿಡಿದ ಹೆಂಗಸು. ನಾನು ಓಡಿದೆ, ನೋಡಿದೆ, ಕೂಗಿದೆ. ಆ ತುದಿಯಿಂದ ಇವರೂ ಕೂಗಿದರು, "ಇಲ್ಲಿ ಸಂತಿ ಕೂಡೇತಿ, ಬಾ ಇಲ್ಲಿ." ಎಲ್ಲರ ಎದುರಿಗೆ ಅವರು ನನ್ನನ್ನು ಕರೆದದ್ದು ಅದೇ ಮೊದಲು. ಸಂತೆಯಲ್ಲಿ ಮೀನು, ಮಡಕೆ, ಜಗಳವಾಡುವ ಇಬ್ಬರು. "ಯಾತಕ್ಕ ಜಗಳ?" ಎಂದು ಅತ್ತೆ ಪಡಸಾಲೆಯಿಂದ ಕೇಳಿದರು. "ಗೊತ್ತಾಗವಲ್ದ್ರಿ," ಎಂದು ನಾನು ನಡುಮನೆಯಿಂದ ಒದರಿದೆ. "ಕೇಳ್ಕೊಂಡು ಬಾ," ಅಂದರು ಅತ್ತೆ.

ಅಷ್ಟಕ್ಕೆ ಇವರು ಗೊಳ್ಳನೆ ನಕ್ಕರು. ನಗುವಾಗ ಕೈ ಸಡಿಲಿತು. ಸುರುಳಿ ಸರ್ರನೆ ಸುತ್ತಿಕೊಳ್ಳುತ್ತ ಹೊರಟಿತು. ಸಂತೆ ಮುಳುಗಿತು, ಕತ್ತೆ ಮುಳುಗಿತು. ನಾನು ಅದರ ಹಿಂದೆ ಓಡಿ ಹೊಸ್ತಿಲ ಹತ್ತಿರ ಮೊಣಕಾಲೂರಿ ಹಿಡಿದೆ. ಚಿತ್ರಕ್ಕೆ ಏನೂ ಆಗಿರಲಿಲ್ಲ. ತಲೆಯೆತ್ತಿದರೆ ಬಾಯಾರು ಗೋಡೆಗೊರಗಿ, ಕಣ್ಣೀರು ಬರುವಷ್ಟು ನಗುತ್ತಿದ್ದರು.

ಆಮೇಲೆ ನಾನು ಅತ್ತೆಯ ತುದಿ ಹಿಡಿದೆ. ಅತ್ತೆ ಸೀರೆ ಎತ್ತಿ ಕಟ್ಟಿ, ನಿಜವಾದ ಹೊಳೆ ದಾಟುವವರಂತೆ, ಅಂಗುಲಂಗುಲ ನೋಡುತ್ತ ಸಮುದ್ರ ಮುಟ್ಟಿದರು. ತಿರುಗಿ ಬಂದವರೇ ಗೋಡೆ ಹಿಡಿದು ಕುಳಿತರು. "ಖರೇನ ತಲಿ ತಿರಗಾಕತ್ತೈತಿ. ನಾವಿಯಿಂದ ಇಳಿದಂಗ ಆತು." ಬಾಯಾರು ಬೆಲ್ಲ, ನೀರು ಕೊಟ್ಟರು.

ತಿರುಗಿ ಬರುವಾಗ ಅತ್ತೆ ಬಸ್ಸಿನಲ್ಲಿ ನನ್ನನ್ನು ನಡುವೆ ಕೂರಿಸಿ, ತಾವು ಮುಂದಿನ ಸೀಟಿನಲ್ಲಿದ್ದ ಗುರುತಿಲ್ಲದ ಹೆಂಗಸಿನ ಪಕ್ಕಕ್ಕೆ ಹೋದರು. ಹೊಳೆಯ ಕಥೆ ಶುರುವಾಯಿತು. ಆ ಹೆಂಗಸು ಅರಭಾವಿಯಲ್ಲಿ ಇಳಿಯಬೇಕಾಗಿತ್ತು. ಬಸ್ಸು ಅರಭಾವಿ ಬಿಟ್ಟು ಹೊರಟಾಗ ಕಥೆ ಇನ್ನೂ ಸಂತೆಯ ಜಗಳದಲ್ಲಿತ್ತು. ಕಂಡಕ್ಟರ್ ಬೈಯುತ್ತ ಗಂಟೆ ಹೊಡೆದು ಬಸ್ಸು ನಿಲ್ಲಿಸಿದ. ಆಕೆ ಗಂಟು ಎತ್ತಿಕೊಂಡು ಇಳಿಯುತ್ತ, "ಆ ಜಗಳಾ ಮುಂದೇನಾತ್ರಿ?" ಎಂದು ಕೇಳಿದಳು.

"ನಮ್ಮ ಸೊಸಿ ಕೇಳ್ಯಾಳ. ಆಕಿಗೂ ಹೇಳ್ಲಿಲ್ಲಂತ," ಅಂದರು ಅತ್ತೆ.

ಹಿಂದಿನ ಸೀಟಿನಲ್ಲಿ ನಾವಿಬ್ಬರೂ ಉಸಿರು ಕಟ್ಟುವಂತೆ ನಗುತ್ತಿದ್ದೆವು. ಅತ್ತೆ ತಿರುಗಿ ನೋಡಿದರು. ಬೈಯುತ್ತಾರೆಂದುಕೊಂಡೆ. ಅವರು ಸೆರಗಿನ ಗಂಟು ಬಿಚ್ಚಿ, ಬಾಯಾರು ಕೊಟ್ಟಿದ್ದ ಬೆಲ್ಲದಲ್ಲಿ ಉಳಿದದ್ದನ್ನು ನಮ್ಮಿಬ್ಬರ ಅಂಗೈಗೆ ಹಾಕಿ, ಮತ್ತೆ ಕಿಟಕಿಯ ಕಡೆಗೆ ತಿರುಗಿದರು.