ಬಲಗಡೆ ಅಗಿಯಬೇಡಿ

ಏನೇನು ಕೆಡಬಹುದಿತ್ತು ನೋಡಿ. ಹಲ್ಲಿನ ಕ್ಯಾಪ್ ಸಡಿಲವಾಗಿ ಮದುವೆಮನೆಯ ಹೋಳಿಗೆಯೊಳಗೆ ಸೇರಬಹುದಿತ್ತು. ನಿದ್ದೆಯಲ್ಲಿ ಕಳಚಿ ಗಂಟಲಿಗೆ ಇಳಿಯಬಹುದಿತ್ತು. ಬೇರಿನಲ್ಲಿ ಕೀವು ತುಂಬಿ, ದವಡೆ ಊದಿ, ಅಲ್ಲಿಂದ ಹೃದಯಕ್ಕೇ ಸೋಂಕು ಹೋಗಬಹುದಿತ್ತು. (ಇದನ್ನು ಫೋನಿನಲ್ಲಿ ಓದಿದ್ದೆ. ಓದಿ ಮುಗಿಸುವಷ್ಟರಲ್ಲಿ ಎದೆಯೂ ಸ್ವಲ್ಪ ನೋಯತೊಡಗಿತ್ತು.)

ಬಲಗಡೆಯ ದವಡೆಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡಂದಿನಿಂದ ನಾನು ಕಾಯುತ್ತಿದ್ದದ್ದು ಇವುಗಳಿಗೇ. ಒಂದೂ ಆಗಲಿಲ್ಲ.

ಕಳೆದ ವಾರ ನೋವು ಬಂತು. ಎಡಗಡೆ!

ಹಳೇಬೀಡಿನಿಂದ ಅರಸೀಕೆರೆಗೆ ಬಸ್ಸು ಹತ್ತಿದೆವು. ಜಾವಗಲ್ ದಾಟುವಷ್ಟರಲ್ಲಿ ನನ್ನ ಸಿದ್ಧಾಂತ ತಯಾರಾಗಿತ್ತು. "ಬಲಗಡೆ ಹಲ್ಲಿನ ವಿಷವೇ ಎಡಕ್ಕೆ ಹರಿದಿದೆ ಕಣೇ" ಎಂದೆ ಹೆಂಡತಿಗೆ.

"ಹಲ್ಲಿನ ಬದಲು ನಿಮ್ಮ ತಲೇನೇ ಕೀಳಿಸಿದ್ರೆ ವಾಸಿ" ಅಂದವಳು ಕಿಟಕಿ ಕಡೆ ತಿರುಗಿದಳು.

ಹಿಂದಿನ ಡಾಕ್ಟರು ಈಗ ಊರಿನಲ್ಲಿಲ್ಲ. ಆ ಕ್ಲಿನಿಕ್ಕಿನಲ್ಲಿ ಈಗಿರುವವರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಕ್ಸ್‌ರೇ ನೋಡಿದರು, ಬಾಯಿ ನೋಡಿದರು, ಮತ್ತೆ ಎಕ್ಸ್‌ರೇ ನೋಡಿದರು.

"ಸಾರ್, ಬಲಗಡೆ ಹಲ್ಲು ಕಲ್ಲಿನ ಹಾಗಿದೆ. ಕೆಲಸ ಇಲ್ಲದೆ ಪಾಚಿ ಕಟ್ಟಿದೆ ಅಷ್ಟೆ. ಎಡಗಡೆಯವೇ ಸವೆದುಹೋಗಿವೆ. ಒಂದಂತೂ ಬೇರಿನವರೆಗೂ ಸೀಳಿದೆ, ಕೀಳಲೇಬೇಕು. ಹೀಗೇ ಆದ್ರೆ ಪಕ್ಕದ್ದೂ ಹೋಗುತ್ತೆ. ನೀವು ಬಲಗಡೆ ಅಗಿಯೋದೇ ಇಲ್ವಾ?"

"ಡಾಕ್ಟರು ಅಗಿಬೇಡಿ ಅಂದಿದ್ರು."

"ಯಾವಾಗ?"

ಅಷ್ಟರಲ್ಲಿ ಬಾಯಿಗೆ ಮತ್ತೆ ಕನ್ನಡಿ ಬಂತು. ನನ್ನ ಪರವಾಗಿ ಹೆಂಡತಿಯೇ ಉತ್ತರ ಕೊಟ್ಟಳು: "ನಮ್ಮ ಮಗಳು ಅಂಗನವಾಡಿಗೆ ಹೋಗ್ತಿದ್ದಾಗ ಮೇಡಂ. ಈಗ ಬಿ.ಕಾಂ. ಓದ್ತಿದ್ದಾಳೆ."

"ಅಯ್ಯೋ, ಕ್ಯಾಪ್ ಹಾಕೋವರೆಗೆ ಅಂತ ಹೇಳಿರ್ತಾರೆ ಸಾರ್!"

ಹೇಳಿದ್ದರೇ? ಇರಬಹುದು. ಬೇಡ ಅಂದದ್ದು ಮಾತ್ರ ನನ್ನ ತಲೆಯಲ್ಲಿ ಕೂತಿತು. ಕ್ಯಾಪ್ ಕೂರಿಸಿದ ದಿನ ಹೊರಗೆ ಬೆಂಚು ತುಂಬ ಜನ. "ಆಯ್ತು, ಹೋಗ್ಬನ್ನಿ" ಅಂದರು. ಬಂದೆ. ಇನ್ನು ಅಗಿಯಬಹುದು ಅಂತ ಅವರೂ ಅನ್ನಲಿಲ್ಲ, ನಾನೂ ಕೇಳಲಿಲ್ಲ.

ನಾನೊಬ್ಬನೇ ಅಂದುಕೊಳ್ಳಬೇಡಿ. ನಮ್ಮಲ್ಲಿ ಪಥ್ಯಕ್ಕೆ ಶುರು ಇದೆ, ಕೊನೆ ಇಲ್ಲ. ಮಾದಿಹಳ್ಳಿಯ ನನ್ನ ಅಕ್ಕ ಬಾಣಂತನದಲ್ಲಿ ಬಿಟ್ಟ ಮೊಸರನ್ನು ಇವತ್ತಿಗೂ ಮುಟ್ಟಿಲ್ಲ. ಆ ಕೂಸಿಗೆ ಮೀಸೆ ಬಂದಿದೆ. ಬೇಲೂರಿನ ಭಾವಮೈದ ಯಾವಾಗಲೋ ಗ್ಯಾಸ್ಟ್ರಿಕ್ಕಿಗೆ ಕೊಟ್ಟ ಮಾತ್ರೆಯನ್ನು ದಿನಾ ಕಾಫಿಗೆ ಮುಂಚೆ ನುಂಗುತ್ತಾನೆ. ಯಾಕಯ್ಯಾ ಅಂದರೆ, "ಡಾಕ್ಟ್ರೇ ಬರೆದುಕೊಟ್ಟಿದ್ದು ಭಾವ" ಅನ್ನುತ್ತಾನೆ. ನಿಲ್ಲಿಸು ಅಂತ ಬರೆದುಕೊಡಬೇಕಾದವರು ಯಾರು? ಮೆಡಿಕಲ್ ಶಾಪಿನವರೇ?

ಇಂಜೆಕ್ಷನ್ ಆಯಿತು, ಕೆನ್ನೆ ಮರಗಟ್ಟಿತು, ಇಕ್ಕಳ ಬಂತು. ಚಿಕಿತ್ಸೆ ಮಾಡಿಸಿಕೊಂಡ ಹಲ್ಲು ಬಾಯಲ್ಲೇ ಉಳಿಯಿತು. ಒಂದು ದಿನವೂ ಕಾಯಿಲೆ ಬೀಳದೆ, ಎರಡು ಕಡೆಯ ಕೆಲಸವನ್ನೂ ಮಾಡಿದ ಹಲ್ಲು ಸ್ಟೀಲ್ ತಟ್ಟೆಗೆ ಟಣ್ ಅಂತ ಬಿತ್ತು. (ಆಫೀಸುಗಳಲ್ಲೂ ಹೀಗೇ ಅಲ್ಲವೇ?) ನೋಡಿದರೆ ಬೇಜಾರಾಯಿತು. ಪಾಪ, ಅದು ಮಾಡಿದ ತಪ್ಪಾದರೂ ಏನು?

"ಈ ಕಡೆ ಅಗಿಬೇಡಿ ಸಾರ್" ಅಂದರು ಡಾಕ್ಟರು, ಗ್ಲೌಸ್ ಬಿಚ್ಚುತ್ತಾ.

ಹೆಂಡತಿ ಕುರ್ಚಿಯಿಂದ ಎದ್ದೇಬಿಟ್ಟಳು. "ಯಾವತ್ತಿನವರೆಗೆ ಅಂತಾನೂ ಹೇಳ್ಬಿಡಿ ಮೇಡಂ. ಇಲ್ದಿದ್ರೆ ಎರಡೂ ಕಡೆ ಬಂದ್ ಆಗಿ, ಇವರಿಗೆ ಇನ್ಮೇಲೆ ಮೂರು ಹೊತ್ತೂ ಮುದ್ದೇನೇ ಗತಿ. ಅದಾದ್ರೆ ನುಂಗಿಕೊಂಡಿರ್ತಾರೆ."

ಡಾಕ್ಟರು ಜೋರಾಗಿ ನಕ್ಕರು. ನಗುತ್ತಲೇ ಬಾಗಿಲ ಕಡೆ ನೋಡಿ "ನೆಕ್ಸ್ಟ್" ಅಂದರು.

ದಿನ ಮಾತ್ರ ಹೇಳಲಿಲ್ಲ.