ಸೇಠರ ಮನೆಮೋಟಾರು ಮತ್ತು ಮಲಕಪ್ಪ ಮಿಸ್ತ್ರಿ

ಮಲಕಪ್ಪ ಮಿಸ್ತ್ರಿಯನ್ನು ಹಾಳು ಮಾಡಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ನೀವು ಎಲ್ಲವನ್ನೂ ನಮ್ಮ ಮಾಲಕ ದಿಗಂಬರರಾಯನ ತಲೆಗೆ ಕಟ್ಟಿ ನನ್ನನ್ನು ಸುಮ್ಮನೆ ಬಿಟ್ಟುಬಿಡುತ್ತೀರಿ.

ಮಲಕಪ್ಪ ಗೋಕಾಕದ ಕಡೆಯವರು. ಹುಬ್ಬಳ್ಳಿಯ ಹತ್ತಿ ಗಿರಣಿಯೊಂದರಲ್ಲಿ ಹದಿನಾರು ವರ್ಷ ಯಂತ್ರಗಳ ಗದ್ದಲದ ನಡುವೆ ದುಡಿದು, ಪುಣೆಗೆ ಬಂದು, ನಾನಾ ಪೇಟೆ ಎಂಬಲ್ಲಿ ದಿಗಂಬರರಾಯನ ಮೋಟಾರು ಕಾರಖಾನೆಯ ಹೆಡ್ ಮಿಸ್ತ್ರಿಯಾಗಿದ್ದರು. ಧಾರವಾಡದಿಂದ ಯಾವ ಕಸುಬೂ ಗೊತ್ತಿಲ್ಲದೆ ಬಂದ ನನಗೆ ನಟ್ಟು ಬಿಗಿಯುವ ಪಾನಾ ಹಿಡಿಯುವುದನ್ನೂ ಅವರೇ ಕಲಿಸಿದರು. ಕಾರಖಾನೆಯ ಹಿಂದಿನ ಖೋಲಿಯಲ್ಲಿ ಅವರ ಹೆಂಡತಿ ಸಾವಂತ್ರವ್ವ ಬಡಿದ ರೊಟ್ಟಿಯನ್ನು ಒಂಬತ್ತು ವರ್ಷ ತಿಂದೆ. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ನಾನು ಎಣಿಸಿದ್ದಷ್ಟೇ ಅಲ್ಲ, ಕಿತ್ತು ಕೆಡವಿದೆ.

ಎಂಜಿನ್ನಿನ ಸಪ್ಪಳ ಕೇಳಿಯೇ ಅದರ ರೋಗ ಹೇಳುತ್ತಾರೆಂದು ಪೇಟೆಯಲ್ಲೆಲ್ಲ ಅವರ ಹೆಸರಿತ್ತು. ಆದರೆ ಮೂವತ್ತಾರನೆಯ ಇಸವಿಯ ಹೊತ್ತಿಗೆ ನನಗೊಂದು ಗುಮಾನಿ ಬಂತು. ಫ್ಯಾನಿನ ಪಟ್ಟಾ, ಅಂದರೆ ಬೆಲ್ಟು, ಕಿರುಚುವ ಮೋಟಾರು ಬಂದರೆ ಅವರು ಮೊದಲು ಎಂಜಿನ್ ನೋಡುತ್ತಿರಲಿಲ್ಲ, ನಮ್ಮ ಮುಖ ನೋಡುತ್ತಿದ್ದರು. ಯಾರಾದರೂ ಹಲ್ಲು ಕಚ್ಚಿದರೆ ಆಗ ಬಾನೆಟ್ಟಿನೊಳಗೆ ಬಾಗುತ್ತಿದ್ದರು. ಸಾವಂತ್ರವ್ವನನ್ನು ಕೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಆಕೆ ಬಾಗಿಲ ಕಡೆ ನೋಡಿದಳು.

"ನಿನ್ನ ಮುಂದ ಮುಚ್ಚಿಡೋದೇನದ ಈರಣ್ಣಾ. ಅವರಿಗೆ ಸಣ್ಣ ದನಿ ಕೇಳೋದು ನಿಂತು ವರ್ಷಾತು. ಗುಬ್ಬಿ ದನಿ ಇಲ್ಲ, ನನ್ನ ಗಾಜಿನ ಬಳಿ ಸಪ್ಪಳ ಇಲ್ಲ. ಯಾರ ಮುಂದನೂ ಅನಬ್ಯಾಡಪಾ. ಈ ಖೋಲಿನೂ ಹೋಗ್ತದ."

ಮೂರನೆಯ ದಿನ ದಿಗಂಬರರಾಯನಿಗೆ ಹೇಳಿದೆ. ಅವನೇನೂ ಕೇಳಿರಲಿಲ್ಲ. ಹೆಡ್ ಮಿಸ್ತ್ರಿಯ ಜಾಗ ನನಗೆ ಬೇಕಾಗಿತ್ತು, ಅಷ್ಟೇ.

ಆ ಏಪ್ರಿಲಿನಲ್ಲಿ ಕಾಳಿನ ವ್ಯಾಪಾರಿ ಮೋಹನದಾಸ್ ಸೇಠರ ಮನೆಮೋಟಾರು ಕಾರಖಾನೆಗೆ ಬಂತು. ಸೇಠರ ತಾಯಿ ಕಟ್ಟಾ ಮಡಿಯ ಮುದುಕಿ. ಪರರ ಒಲೆಯ ಮೇಲೆ ಬೆಂದದ್ದನ್ನು ಉಣ್ಣುವವಳಲ್ಲ, ಧರ್ಮಶಾಲೆಯಲ್ಲಿ ಮಲಗುವವಳಲ್ಲ. ಅದಕ್ಕೆಂದೇ ಸೇಠರು ಲಾರಿಯ ಮೇಲೆ ಮರದ ಮನೆ ಕಟ್ಟಿಸಿದ್ದರು. ಎರಡು ಮಂಚ, ಒಂದು ಒಲೆ, ದೇವರ ಗೂಡು, ಮುದುಕಿಯ ಮಡಿನೀರಿಗೆ ಎರಡು ತಾಮ್ರದ ಕೊಡ. ಕೊಲ್ಹಾಪುರದ ಅಂಬಾಬಾಯಿಯ ದರ್ಶನಕ್ಕೆ ಹೊರಟಿದ್ದ ಆ ಮೋಟಾರಿನ ಪಟ್ಟಾ ಬೀದಿಯೆಲ್ಲ ತಿರುಗಿ ನೋಡುವಂತೆ ಕಿರುಚುತ್ತಿತ್ತು. ಮಲಕಪ್ಪ ಬರುವ ಮೊದಲೇ ನಾನು ಪಟ್ಟಾ ಜಗ್ಗಿ ಬಿಗಿ ಮಾಡಿದೆ. ಕಿರುಚಾಟ ನಿಂತಿತು.

ದಿಗಂಬರರಾಯನಿಗೆ ಆಟ ಹೊಳೆದದ್ದು ಆಗ. ಎಂಜಿನ್ ಚಾಲೂ ಇಡಿಸಿದ. ಮಲಕಪ್ಪ ಒಳಗೆ ಬಂದ ಕೂಡಲೇ ದಿಗಂಬರರಾಯ ಎರಡೂ ಕಿವಿ ಮುಚ್ಚಿಕೊಂಡು ಮುಖ ಕಿವುಚಿದ. ಎಂಟು ಜನ ಕೆಲಸಗಾರರೂ ಕಿವಿ ಮುಚ್ಚಿದರು. ನಾನೂ ಮುಚ್ಚಿದೆ.

"ಏನ್ ಮಿಸ್ತ್ರಿ, ಹಿಂಗ ಕಿರಚಿದ್ರ ಸೇಠರು ಕೊಲ್ಹಾಪುರ ಮುಟ್ತಾರೇನು?" ಎಂದು ದಿಗಂಬರರಾಯ ಕೂಗಿದ.

ಮಲಕಪ್ಪ ನಮ್ಮ ಮುಖಗಳನ್ನು ನೋಡಿ ತಲೆಯಾಡಿಸಿದರು. ಕಿರುಚಾಟ ಇಳಿಯುತ್ತದೆಯೋ ನೋಡಲು ತಿರುಗುವ ಪಟ್ಟಾದ ಮೇಲೆ ತಂಬಿಗೆಯಿಂದ ಸ್ವಲ್ಪ ನೀರು ಬಿಟ್ಟರು. ದಿಗಂಬರರಾಯ ಕಣ್ಣು ಹೊಡೆದ, ಕಿರುಚಾಟ ನಿಂತಿತೆಂಬಂತೆ ಎಲ್ಲರೂ ಕಿವಿಯಿಂದ ಕೈ ಇಳಿಸಿದರು.

"ನೀರಿಗೆ ಕಿರಚೋದು ಇಳೀತು ನೋಡ್ರಿ," ಎಂದರು ಮಲಕಪ್ಪ.

ಕೇಳದ್ದನ್ನು ಕೇಳಿಸಿದಂತೆ ನಟಿಸಿದ್ದು, ಅವರ ಕಪಟವೂ ಅಷ್ಟೇ, ಪಾಪ. ಆಮೇಲೆ ಮಾಡಿದ್ದೆಲ್ಲ ನಿಜವಾದ ಕೆಲಸ. ಎಂಜಿನ್ ನಿಲ್ಲಿಸಿ, ಪಟ್ಟಾ ಬಿಚ್ಚಿ, ಫ್ಯಾನಿನ ಗಾಲಿಯನ್ನು ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಮೆಲ್ಲಗೆ ತಿರುಗಿಸಿದರು.

"ಪಟ್ಟಾದ ತಪ್ಪಲ್ರಿ ಮಾಲಕ್ರ. ಒಳಗಿನ ಬೇರಿಂಗು ಸತ್ತದ, ಮಳಲು ಅರದಂಗ ಬೆರಳಿಗೆ ಹತ್ತತದ. ಅದು ಹಿಡಕೊಂಡಾಗ ಪಟ್ಟಾ ಜಾರಿ ಕಿರಚತದ. ಯಾರೋ ಪಟ್ಟಾ ಜಗ್ಗಿ ಬಿಗದಾರ, ಅದು ಬೇರಿಂಗಿಗೆ ಇನ್ನೂ ಖೊಟ್ಟಿ."

"ಎಲ್ಲಿ ಕಿರಚತದೋ ಮಾರಾಯಾ? ಈರಣ್ಣ ಮುಂಜಾನೆ ಬಂದ್ ಮಾಡ್ಯಾನ!"

ಕಾರಖಾನೆಯೆಲ್ಲ ಹೋ ಎಂದು ನಕ್ಕಿತು. ಒಬ್ಬ ನೆಲದ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಮಲಕಪ್ಪ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ಕೊನೆಗೆ ನನ್ನ ಮುಖ ನೋಡಿದರು. ನಾನೂ ನಗುತ್ತಿದ್ದೆ.

"ನಗ್ರಿ," ಎಂದರು. "ಆದ್ರ ಬೇರಿಂಗು ಬದಲಿ ಮಾಡದ ಘಾಟ ಹತ್ತಿಸಬ್ಯಾಡ್ರಿ. ಫ್ಯಾನು ಮುರೀತದ."

"ಕಿವುಡನ ಮಾತು ಕೇಳಿ ಸೇಠರ ಮೋಟಾರು ಬಿಚ್ಚಲೇನು?" ಎಂದ ದಿಗಂಬರರಾಯ. ಮಧ್ಯಾಹ್ನದೊಳಗೆ ಅವರನ್ನು ಕೆಲಸದಿಂದ ತೆಗೆದು ಖೋಲಿ ಖಾಲಿ ಮಾಡಿಸಿದ. ಸಾವಂತ್ರವ್ವ ರೊಟ್ಟಿಯ ಹಂಚನ್ನು ಬಗಲಲ್ಲಿ ಹಿಡಿದು ನನ್ನೆದುರೇ ಹಾದುಹೋದಳು. "ನಾ ನಿನಗಷ್ಟ ಹೇಳಿದ್ದೆ," ಎಂದಳು.

ಮರುದಿನ ಮನೆಮೋಟಾರು ನಡೆಸಿದವನು ನಾನೇ. ಪಟ್ಟಾವನ್ನು ಮತ್ತೆ ಅಷ್ಟೇ ಬಿಗಿಯಾಗಿ ಹಾಕಿದ್ದೆ. ಸೇಠರೂ ತಾಯಿಯೂ ಹಿಂದಿನ ಮರದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಭಜನೆ ಮಾಡುತ್ತಿದ್ದರು. ಕಾತ್ರಜ ಘಾಟಿನ ಎರಡನೆಯ ತಿರುವಿನಲ್ಲಿ ಕಿರುಚಾಟ ಶುರುವಾಯಿತು. ಭಜನೆಯ ಗದ್ದಲದಲ್ಲಿ ಅವರಿಗೆ ಅದು ಕೇಳಿಸಲಿಲ್ಲ. ನನ್ನ ಕಿವಿ ಚೆನ್ನಾಗಿಯೇ ಇತ್ತು. ಬೇರಿಂಗು ಎಂದು ಆಗಲೇ ತಿಳಿಯಿತು. ಅಲ್ಲಿಯೇ ನಿಲ್ಲಿಸಿ ತಿರುಗಿಸಿದ್ದರೆ ಆಗುತ್ತಿತ್ತು. ಆದರೆ ತಿರುಗಿಸಿದರೆ ಮಲಕಪ್ಪ ಹೇಳಿದ್ದೇ ಖರೆ ಎಂದಾಗಿ, ಅವರ ಜಾಗ ಅವರಿಗೇ ಮರಳುತ್ತಿತ್ತು. ಮುಂದಕ್ಕೆ ಹೊಡೆದೆ. ನೀರು ಕುದಿಯತೊಡಗಿದಾಗ, ಘಾಟಿನಲ್ಲಿ ಎಲ್ಲ ಮೋಟಾರೂ ನೀರು ಕುಡಿಯುತ್ತವೆ ಎಂದು ಸೇಠರಿಗೆ ಹೇಳಿ, ಮುದುಕಿಯ ಎರಡೂ ಕೊಡದ ಮಡಿನೀರು ಇಸಿದುಕೊಂಡು ರೇಡಿಯೇಟರಿಗೆ ಸುರಿದೆ. ಅರ್ಧ ಮೈಲಿ ಹೋಗುವಷ್ಟರಲ್ಲಿ ಫ್ಯಾನು ಮುರಿದು ರೇಡಿಯೇಟರನ್ನು ಸೀಳಿತು.

ಸಂಜೆಗೆ ಗಾಡಿ ಸಿಕ್ಕುವ ತನಕ ಆ ಬಿಸಿಲಿನಲ್ಲಿ ಮುದುಕಿ ಪರರು ಮುಟ್ಟಿದ ಒಂದು ಹನಿ ನೀರನ್ನೂ ಬಾಯಿಗೆ ಬಿಟ್ಟುಕೊಳ್ಳಲಿಲ್ಲ. ಮನೆ ಮುಟ್ಟಿದ್ದೇ ಜ್ವರ ಹಿಡಿದು ಒಂಬತ್ತನೆಯ ದಿನ ತೀರಿಕೊಂಡಳು. ಕಿವುಡ ಮಿಸ್ತ್ರಿ ಪಟ್ಟಾಕ್ಕೆ ನೀರು ಹೊಯ್ದು, ಬಿಚ್ಚಿ ಕೆಡಿಸಿದ ಎಂದು ದಿಗಂಬರರಾಯ ಸೇಠರಿಗೆ ಹೇಳಿದ. ಊರೆಲ್ಲ ಅದನ್ನೇ ನಂಬಿತು. ಪುಣೆಯ ಯಾವ ಕಾರಖಾನೆಯೂ ಮಲಕಪ್ಪನನ್ನು ಒಳಗೆ ಬಿಡಲಿಲ್ಲ. ನಾನು ಹೆಡ್ ಮಿಸ್ತ್ರಿಯಾದೆ.

ತಿಂಗಳ ಮೇಲೆ ಅವರು ನನ್ನನ್ನು ಹುಡುಕಿಕೊಂಡು ಬಂದರು. ಕೆನ್ನೆ ಒಳಗೆ ಹೋಗಿದ್ದವು.

"ಆಗಿದ್ದು ಆತು ತಮ್ಮಾ. ಭೋರ ಊರಾಗ ಸಿದ್ದಲಿಂಗಪ್ಪನವರು ಬಸ್ಸು ಇಟ್ಟಾರಲ್ಲ, ಅವರು ಅಂದಾರ, ಕಿವಿ ಹೋದ್ರ ಹೋಗಲಿ, ನಿನ್ನ ಬೆರಳು ಹೇಳಿದ್ದು ಖರೆ ಇದ್ರ ಬಾ, ಈರಣ್ಣನ ಕಡಿಂದ ಒಂದು ಮಾತು ತಗೊಂಡು ಬಾ ಅಂತ. ಮುರಿಯೋಕಿಂತ ಮದಲ ಅದು ಕಿರಚಿತೇನು? ಕಿರಚಿದ್ರ ಬೇರಿಂಗು. ಸುಮ್ಮನ ಮುರದಿದ್ರ ನನ್ನ ಕೈ ತಪ್ಪು."

ಕಿರುಚಿತು ಎಂದರೆ, ಕೇಳಿಯೂ ಮೋಟಾರನ್ನು ಮುಂದಕ್ಕೆ ಯಾಕೆ ಹೊಡೆದೆ ಎಂದು ಸೇಠರು ನನ್ನನ್ನು ಕೇಳುತ್ತಿದ್ದರು.

"ಇಲ್ಲ ಕಾಕಾ. ಏನೂ ಸಪ್ಪಳ ಇರಲಿಲ್ಲ," ಎಂದೆ.

ಅವರಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಒಡ್ಡಿ ಹತ್ತಿರ ಬಾಗಿದರು. ಅದೇ ಸುಳ್ಳನ್ನು ಅವರ ಕಿವಿಯಲ್ಲಿ ಇನ್ನೊಮ್ಮೆ ಕೂಗಿ ಹೇಳಿದೆ.

ಕಿವಿಯಿಂದ ಕೈ ತೆಗೆದರು. "ಹಂಗಾರ ಆ ಮುದುಕಿನ್ನ ನಾನ ಕೊಂದಂಗಾತು," ಎಂದರು. ನಂತರ, "ಮುಚ್ಚಿಡದ ಹೇಳಿದಿ, ಉಪಕಾರಾತು," ಎಂದು ನನಗೆ ಕೈ ಮುಗಿದರು.

ಅವರು ಭೋರಕ್ಕೆ ಹೋಗಲಿಲ್ಲ. ಭವಾನಿ ಪೇಟೆಯ ಬೆಲ್ಲದ ವಖಾರಿಯಲ್ಲಿ ಹೊರೆ ಹೊತ್ತು ಇನ್ನು ಏಳು ವರ್ಷ ಬದುಕಿದರು. ಸೇಠರ ತಾಯಿ ತೀರಿದ ದಿನ ಪ್ರತಿ ವರ್ಷ ನೀರು ಸಹ ಕುಡಿಯದೆ ಉಪವಾಸ ಇರುತ್ತಿದ್ದರಂತೆ. ಅವರನ್ನು ಮಣ್ಣು ಮಾಡಿದ ದಿನ ಸಾವಂತ್ರವ್ವ ಅದನ್ನು ನನಗೆ ಹೇಳಿದಳು.